ಎರಡು ಕೆಂಪು

ನಮ್ಮ ಗ್ಯಾರೇಜಿನಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ನೇಲ್ ಪಾಲಿಷ್ ಹಚ್ಚದವಳೂ ನಾನೊಬ್ಬಳೇ. ಗಂಡಸರು ಹಚ್ಚುತ್ತಿದ್ದರು, ಉಗುರಿಗಲ್ಲ, ನಟ್ಟಿಗೆ. ಚಕ್ರದ ನಟ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ರಿಮ್ಮಿನ ಮೇಲಕ್ಕೆ ಒಂದು ನೇರ ಗೆರೆ ಎಳೆಯಬೇಕು. ಆಮೇಲೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಹಿರಿಯ ಮೆಕ್ಯಾನಿಕ್ ಉಸ್ತಾದ್ ಕಲೀಮುಲ್ಲಾ ಅವರದು ಕೆಂಪು, ಮುಬೀನನದು ನೀಲಿ. ಒಬ್ಬರು ಗೆರೆ ಎಳೆದ ನಟ್ಟಿಗೆ ಇನ್ನೊಬ್ಬರು ಪಾನಾ ಹಾಕುವಂತಿಲ್ಲ. ಹಾಕಿದರೆ ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಶಿವಾಜಿನಗರದ ಆ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ನಡೆದುಬಂದ ಕಾನೂನು ಇದು.

ನಾನು ಬೃಂದಾ, ಆ ಗ್ಯಾರೇಜಿನ ರೇಸ್ ಕಾರು ಓಡಿಸುವವಳು, ಕೆ.ಆರ್. ಪುರದವಳು. ಅಪ್ಪ ಶ್ರೀರಾಮಪ್ಪ ಅಲ್ಲೇ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಎಡಗಡೆ, ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುವ ಕಾರಿನಲ್ಲೇ ನಾನು ಬೆಳೆದದ್ದು. "ಕಲಿಯೋರು ತಾವೇ ಬ್ರೇಕ್ ಹಾಕಿದ್ವಿ ಅಂದ್ಕೊಂಡಿರ್ತಾರೆ ಕಣಮ್ಮ, ಅರ್ಧ ಸಲ ಹಾಕಿದ್ದು ನಾನು" ಎಂದು ಅಪ್ಪ ನಗುತ್ತಿದ್ದರು. ಆ ಮಾತು ನನಗೇ ಬಂದು ತಟ್ಟುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಆದದ್ದು ಅದರಿಂದಲೇ.

ಟೂರಿಂಗ್ ಕಾರ್ ರೇಸ್ ಎಂದರೆ ಮಾರುಕಟ್ಟೆಯಲ್ಲಿ ಸಿಗುವ ಕಾರನ್ನೇ ಒಳಗಿನ ಸೀಟು, ಮೆತ್ತೆ ಎಲ್ಲ ಕಿತ್ತು, ಉಕ್ಕಿನ ಪಂಜರ ಕೂರಿಸಿ ಓಡಿಸುವುದು. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ವರ್ಷಕ್ಕೆ ನಾಲ್ಕು ಸುತ್ತು, ಸುತ್ತಿಗೆ ಮೂರು ರೇಸು. ಆ ವರ್ಷ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ನಡೆದ ಮೊದಲೆರಡು ಸುತ್ತಿನಲ್ಲಿ ನಾಲ್ಕು ರೇಸು ಗೆದ್ದೆ. ಎರಡನೆಯ ಜಾಗದಲ್ಲಿದ್ದವನು ನಿತೀಶ್. ಅವನ ತಂಡದ ವರ್ಕ್‌ಶಾಪು ಮಹದೇವಪುರದಲ್ಲಿ, ಪೂರ್ತಿ ಏಸಿ. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಗ್ಯಾರೇಜೋ ಗರ್ಭಗುಡಿಯೋ ಗೊತ್ತಾಗುವುದಿಲ್ಲ. ಅಲ್ಲಿ ಪ್ರತಿ ನಟ್ಟಿಗೂ ಟಾರ್ಕ್ ಪಾನಾ ಹಾಕುತ್ತಾರೆ. ಎಷ್ಟು ಬಿಗಿಯಾಗಬೇಕು ಎಂದು ಮೊದಲೇ ತಿರುವಿಟ್ಟರೆ, ಅಷ್ಟಾದಾಗ ಅದು 'ಟಕ್' ಅನ್ನುತ್ತದೆ. ನಮ್ಮಲ್ಲೂ ಒಂದಿತ್ತು. ಉಸ್ತಾದ್ ಅದನ್ನು ಮುಟ್ಟುತ್ತಿರಲಿಲ್ಲ. "ನನ್ನ ಕೈಗಿಂತ ದೊಡ್ಡ ಮೀಟರ್ ಯಾವ್ದಿದೆ ಬೇಟಾ?" ಎನ್ನುತ್ತಿದ್ದರು. ನಾನೂ ಅದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬರುತ್ತಿದ್ದೆ.

ಕಾರಿನ ಬಲಗಡೆ ಎರಡು ಚಕ್ರ ಉಸ್ತಾದರದು, ಎಡಗಡೆ ಎರಡು ಮುಬೀನನದು. ಮುಬೀನ್ ನನಗಿಂತ ಆರು ವರ್ಷ ದೊಡ್ಡವನು, ಹದಿನೈದು ವರ್ಷದಿಂದ ಉಸ್ತಾದರ ಶಿಷ್ಯ. ನಾವಿಬ್ಬರೂ ಹೋಗೋ ಬಾರೋ ಅನ್ನುವಷ್ಟು ಸಲಿಗೆಯಲ್ಲಿದ್ದೆವು.

ಮೂರನೆಯ ಸುತ್ತು ಕೊಯಮತ್ತೂರಿನಲ್ಲಿ. ಭಾನುವಾರದ ಕಡೇ ರೇಸಿಗೆ ಮೊದಲು ಬ್ರೇಕ್ ಪ್ಯಾಡ್ ಬದಲಿಸಲು ನಾಲ್ಕೂ ಚಕ್ರ ಬಿಚ್ಚಿದ್ದರು. ಡ್ರೈವರುಗಳ ಮೀಟಿಂಗಿಗೆ ಹೋಗಿದ್ದ ನಾನು ಬರುವಷ್ಟರಲ್ಲಿ ಕಾರು ಸಿದ್ಧವಾಗಿತ್ತು. ಮುಬೀನ್ ಏದುಸಿರು ಬಿಡುತ್ತ ಗ್ಲೌಸ್ ಕೈಗಿಟ್ಟ, ಹಾಕಿಕೊಂಡು ಹೊರಟೆ. ಏಳನೆಯ ಲ್ಯಾಪಿನಲ್ಲಿ, ನಾನೇ ಮುಂದಿದ್ದಾಗ, ಬಲಕ್ಕೆ ತಿರುಗುವಲ್ಲಿ ಸ್ಟಿಯರಿಂಗ್ ಒಮ್ಮೆ ನಡುಗಿತು. ಮರುಕ್ಷಣ ನನ್ನದೇ ಎಡ ಮುಂಚಕ್ರ ನನ್ನನ್ನು ದಾಟಿ ಮುಂದಕ್ಕೆ ಉರುಳಿಕೊಂಡು ಹೋಗುವುದನ್ನು ನೋಡಿದೆ. ಆಮೇಲೆ ಟೈರಿನ ಗೋಡೆ. ಕಾರು ನಿಂತ ಮೇಲೂ ನನ್ನ ಎರಡೂ ಕಾಲು ಬ್ರೇಕಿನ ಮೇಲೇ ಇದ್ದವು.

ಏನೂ ಆಗಲಿಲ್ಲ, ಹೆಗಲು ನೋವು ಬಿಟ್ಟರೆ. ನಟ್ಟುಗಳು ಎಲ್ಲೋ ಹಾರಿಹೋಗಿದ್ದವು. ಎಡಗಡೆ ಚಕ್ರ ಅಂದರೆ ಮುಬೀನ್. ನಾನು ತಂಡಗಳು ಬೀಡುಬಿಟ್ಟಿದ್ದ ಪಿಟ್ಟಿಗೆ ನಡೆದುಕೊಂಡು ಬಂದವಳೇ, ನಾಲ್ಕು ತಂಡದವರು ನೋಡುತ್ತಿದ್ದಂತೆ ಅವನ ಎದೆಗೆ ಹೆಲ್ಮೆಟ್ ಎಸೆದೆ.

"ನಿನ್ನ ನೀಲಿ ಗೆರೆ ತಗೊಂಡು ನಾಲಿಗೆಗೆ ಹಚ್ಕೋ! ನಾಲ್ಕು ನಟ್ ಬಿಗಿ ಮಾಡಕ್ಕೆ ಬರಲ್ವಾ ನಿಂಗೆ? ಸಾಯ್ಸಕ್ಕೆ ಇಟ್ಕೊಂಡಿದ್ದೀವಾ ನಿನ್ನ? ನಾಳೆಯಿಂದ ಈ ಕಾರ್ ಹತ್ರ ಬರ್ಬೇಡ."

ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ. ಒಮ್ಮೆ ಉಸ್ತಾದರ ಕಡೆ ನೋಡಿದ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ. "ಆಯ್ತು ಮೇಡಂ" ಎಂದು ಮುಬೀನ್ ಹೊರಟುಹೋದ. ಅವನು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ವಾರದೊಳಗೆ ನಿತೀಶನ ತಂಡ ಅವನನ್ನು ಕರೆದುಕೊಂಡಿತು. ಅವನ ಜಾಗಕ್ಕೆ ಹಲಸೂರಿನ ದತ್ತು ಬಂದರು. ಅವರಿಗೆ ನೇಲ್ ಪಾಲಿಷ್ ಅಂದರೆ ನಾಚಿಕೆ, ಆಫೀಸಿನ ವೈಟ್ನರಿನಲ್ಲಿ ಗೆರೆ ಎಳೆಯುತ್ತಿದ್ದರು.

ಕಡೇ ಸುತ್ತು ಮತ್ತೆ ಚೆನ್ನೈ ಹತ್ತಿರ. ನಿತೀಶನಿಗಿಂತ ನಾನು ಸ್ವಲ್ಪವೇ ಮುಂದಿದ್ದೆ. ಹೊರಡುವ ದಿನ ಗುರುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ನಾನೊಬ್ಬಳೇ ಸಾಮಾನು ಜೋಡಿಸುತ್ತಿದ್ದೆ. ಒಂದು ಪಾನಾ ಸಿಗಲಿಲ್ಲ. ಮುಬೀನ್ ಬಿಟ್ಟುಹೋದ ಟೂಲ್ ಡಬ್ಬಿ ಮೂಲೆಯಲ್ಲೇ ಇತ್ತು, ತೆರೆದೆ. ಮೇಲಿನ ತಟ್ಟೆಯಲ್ಲಿ ನೀಲಿ ಬಾಟಲಿ ಇತ್ತು. ಅದರ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಇನ್ನೊಂದು. ಕೆಂಪು.

ನಾನು ಹಚ್ಚುವುದಿಲ್ಲ ನಿಜ, ಆದರೆ ಕಣ್ಣಿದೆಯಲ್ಲ. ಉಸ್ತಾದರ ಕೆಂಪನ್ನು ಆರಿಸುವವರು ಅವರ ಹೆಂಡತಿ ಶಂಶುನ್ನೀಸಾ. ಅದು ಬೀಟ್‌ರೂಟಿನ ಕೆಂಪು. ಇದು ಟೊಮೆಟೊ ಕೆಂಪು. ಎದ್ದುಹೋಗಿ, ಯಾವ ಸುತ್ತಿನ ಯಾವ ಚಕ್ರ ಎಂದು ಒಳಗೆ ಬರೆದು ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ರಿಮ್ಮುಗಳನ್ನು ಒಂದೊಂದಾಗಿ ಬೆಳಕಿಗೆ ತಂದೆ. ನಟ್ಟು ಬಿಚ್ಚಿದರೂ ಗೆರೆಯ ಅರ್ಧ ರಿಮ್ಮಿನ ಮೇಲೆ ಉಳಿದಿರುತ್ತದೆ. ಮೊದಲೆರಡು ಸುತ್ತಿನ ಬಲಗಡೆ ರಿಮ್ಮುಗಳ ಮೇಲೆಲ್ಲ ಬೀಟ್‌ರೂಟಿನ ಗೆರೆ, ಅದರ ಮೇಲೆ ಅಷ್ಟೇ ಉದ್ದಕ್ಕೆ ಟೊಮೆಟೊ ಗೆರೆ. ಯಾರೋ ಉಸ್ತಾದರ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ, ಕಾಣದಂತೆ ಗೆರೆ ತಿದ್ದಿದ್ದರು.

ಕೊಯಮತ್ತೂರಿನಲ್ಲಿ ಓಡಿದ ರಿಮ್ಮುಗಳು ಕೊನೆಯಲ್ಲಿದ್ದವು. ಬಲಗಡೆಯ ಎರಡರಲ್ಲೂ ಬೀಟ್‌ರೂಟ್ ಮಾತ್ರ, ಟೊಮೆಟೊ ಇಲ್ಲ. ಎಡ ಹಿಂಚಕ್ರವನ್ನು ತಿರುಗಿಸಿದೆ. ಅಲ್ಲಿ ನೀಲಿ ಇರಬೇಕಿತ್ತು. ಬೀಟ್‌ರೂಟಿತ್ತು. ಅಂದರೆ ಆ ದಿನ ಎಡಗಡೆಯ ಚಕ್ರಗಳನ್ನೂ ಹಾಕಿದ್ದು ಉಸ್ತಾದರೇ.

ಗಾಡಿ ಹತ್ತಿ ಮಹದೇವಪುರಕ್ಕೆ ಹೋದೆ. ಹಿಂದಿನ ದಿನದ ಮಳೆ ನೀರು ಇಳಿದಿರಲಿಲ್ಲ, ನಿತೀಶನ ವರ್ಕ್‌ಶಾಪಿನ ಗೇಟಿನ ಮುಂದೆ ಇಟ್ಟಿಗೆ ಇಟ್ಟಿದ್ದರು. ಮುಬೀನ್ ಹೊರಗೆ ಬಂದು ಒಂದು ಇಟ್ಟಿಗೆಯ ಮೇಲೆ ನಿಂತ, ನಾನು ಇನ್ನೊಂದರ ಮೇಲೆ. ಬಾಟಲಿ ತೋರಿಸಿದೆ.

"ಡಬ್ಬಿ ತೆಗೆದ್ರಾ?" ಎಂದ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಉಸ್ತಾದ್‌ಗೆ ಶುಗರ್ ಜಾಸ್ತಿ. ಬೆರಳು ಜೋಮು ಹಿಡಿದು ಹೋಗಿದೆ. ಬಿಸಿ ಚಾ ಗ್ಲಾಸ್ ಹಿಡ್ಕೊಂಡ್ರೂ ಗೊತ್ತಾಗಲ್ಲ ಅವ್ರಿಗೆ. ಬಿಗಿ ಆಯ್ತು ಅಂದ್ಕೋತಾರೆ, ಆಗಿರಲ್ಲ. ಅವ್ರು ನಮಾಜ್‌ಗೆ ಹೋದಾಗ ಹತ್ತು ನಿಮಿಷ ಸಿಗೋದು. ಅಷ್ಟ್ರಲ್ಲಿ ಟಾರ್ಕ್ ಪಾನಾ ಹಾಕ್ಬಿಡ್ತಿದ್ದೆ."

ಅವನು ನಮಾಜಿಗೆ ಹೋಗದೆ ಗ್ಯಾರೇಜಿನಲ್ಲೇ ಉಳಿಯುವುದನ್ನು ನಾನೂ ನೋಡಿದ್ದೆ. ಸೋಮಾರಿ ಎಂದು ಉಸ್ತಾದ್ ಬಯ್ಯುತ್ತಿದ್ದರು. ಅವನು ಬಯ್ಯಿಸಿಕೊಂಡು, ಆಮೇಲೆ ಒಬ್ಬನೇ ಹೋಗಿ ಬರುತ್ತಿದ್ದ.

"ಕೊಯಮತ್ತೂರಲ್ಲಿ ಯಾಕೆ ಹಾಕ್ಲಿಲ್ಲ? ಎಲ್ಲಿ ಹೋಗಿದ್ದೆ?"

ಅವನು ನನ್ನ ಮುಖವನ್ನೇ ನೋಡಿದ. "ನಿಮ್ಮ ಗ್ಲೌಸ್ ತರಕ್ಕೆ ಹೋಗಿದ್ದೆ ಮೇಡಂ. ವ್ಯಾನಲ್ಲಿ ಬಿಟ್ಟಿದ್ರಲ್ಲ. ಮೀಟಿಂಗ್‌ಗೆ ಹೋಗ್ತಾ ಓಡು ಅಂದ್ರಿ, ಓಡ್ದೆ."

ಪಾರ್ಕಿಂಗ್ ಟ್ರ್ಯಾಕಿನ ಆ ತುದಿಗಿತ್ತು. ಅವನ ಏದುಸಿರು, ಗ್ಲೌಸ್ ಹಿಡಿದ ಕೈ, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ನನ್ನನ್ನು ಎರಡು ವರ್ಷ ಉಳಿಸಿದವನನ್ನು ಒಂದು ಗ್ಲೌಸಿಗೋಸ್ಕರ ಓಡಿಸಿ, ಅದೇ ತಪ್ಪಿಗೆ ಅವನನ್ನೇ ಹೊರಗೆ ಹಾಕಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎಂದು ಅಮ್ಮ ನನಗೆ ಎಷ್ಟು ಸಲ ಹೇಳಿಲ್ಲ!

"ವಾಪಸ್ ಬಾ ಮುಬೀನ್. ತಪ್ಪಾಯ್ತು."

"ಬೈದಿದ್ದು ಎಲ್ಲರ ಮುಂದೆ. ಕರೀತಿರೋದು ಗೇಟ್ ಹತ್ರ, ಮೆಲ್ಲಗೆ." ಅವನ ದನಿ ಏರಲಿಲ್ಲ, ಅದಕ್ಕೇ ಇನ್ನೂ ಚುಚ್ಚಿತು. "ಎಲ್ಲರ ಮುಂದೆ ಹೇಳಿದ್ರೆ ಉಸ್ತಾದ್ ಮರ್ಯಾದೆ ಹೋಗುತ್ತೆ. ಅದು ನಂಗೂ ಬೇಡ. ಬಿಟ್ಬಿಡಿ. ಈಗ ನೀವೇ ನೋಡ್ಕೊಳ್ಳಿ. ಅವ್ರು ನಮಾಜ್‌ಗೆ ಹೋದಾಗ. ಹತ್ತೇ ನಿಮಿಷ, ಮರೀಬೇಡಿ."

ಮಧ್ಯಾಹ್ನ ಉಸ್ತಾದರ ವ್ಯಾನಿಗೆ ಮುಬೀನನ ಡಬ್ಬಿಯನ್ನೂ ಹಾಕಿಕೊಂಡು ಹೊರಟೆವು, ಹಿಂದೆ ಟ್ರೈಲರಿನ ಮೇಲೆ ಕಾರು. ದತ್ತು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಹಲಸೂರು ಕೆರೆ ದಾಟುವಷ್ಟರಲ್ಲಿ ಹೇಳಿಬಿಡಬೇಕು ಅಂದುಕೊಂಡೆ. ಇಂದಿರಾನಗರದ ಕಡೆಯ ಸಿಗ್ನಲ್ಲಿನಲ್ಲಿ ಬಾಯಿ ತೆರೆದೆ, ಅವರು ತಮ್ಮ ಡಬ್ಬಿಯಿಂದ ಖರ್ಜೂರ ತೆಗೆದು ಕೊಟ್ಟರು, ತಿಂದೆ. ಟಿನ್ ಫ್ಯಾಕ್ಟರಿ ಹತ್ತಿರ ಮುಕ್ಕಾಲು ಗಂಟೆ ನಿಂತೆವು. ಸ್ಟಿಯರಿಂಗಿನ ಮೇಲಿದ್ದ ಅವರ ಬೆರಳುಗಳನ್ನೇ ನೋಡುತ್ತ ಕೂತೆ. ನನಗೆ ಕಾರಿನ ಸದ್ದು ಕೇಳುವುದನ್ನು ಕಲಿಸಿದವರು ಅವರು. ಹುಡುಗಿ ರೇಸಿಗೆ ಬರುತ್ತಾಳಂತೆ ಎಂದು ಎಲ್ಲರೂ ನಕ್ಕಾಗ ನಗದವರು ಅವರೊಬ್ಬರೇ. ಅವರೇ ಮುಬೀನನ ಮೇಲೆ ತಪ್ಪು ಬೀಳುವಾಗ ಬಾಯಿ ಮುಚ್ಚಿಕೊಂಡು ನಿಂತವರು. ಬಿಸಿ ತುಪ್ಪ ಬಾಯಲ್ಲಿದ್ದ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತೂಗುಸೇತುವೆ ದಾಟಿತು, ನಮ್ಮ ಮನೆಯ ತಿರುವು ದಾಟಿತು, ಹೊಸಕೋಟೆ ದಾಟಿತು. ನಾನು ಹೇಳಲಿಲ್ಲ.

ಶನಿವಾರ ಎರಡು ರೇಸು. ಉಸ್ತಾದ್ ನಮಾಜಿಗೆ ಹೋದ ಕೂಡಲೇ ದತ್ತುವನ್ನು ನೀರು ತರಲು ಕಳಿಸಿ, ಬಲಗಡೆಯ ಎಂಟು ನಟ್ಟಿಗೂ ಟಾರ್ಕ್ ಪಾನಾ ಹಾಕಿದೆ. ಒಂದೊಂದು ನಟ್ಟೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿದ ಮೇಲೆಯೇ 'ಟಕ್' ಅಂದದ್ದು. ಟೊಮೆಟೊ ಕೆಂಪಿನಲ್ಲಿ ಗೆರೆ ತಿದ್ದಿ, ಊದಿ ಒಣಗಿಸಿ, ಅವರು ಬರುವಷ್ಟರಲ್ಲಿ ಕುರ್ಚಿಯ ಮೇಲೆ ಕೂತು ಫೋನ್ ನೋಡುತ್ತಿದ್ದೆ. ಒಂದು ರೇಸು ನಾನು ಗೆದ್ದೆ, ಇನ್ನೊಂದು ನಿತೀಶ್. ಭಾನುವಾರದ ಕಡೇ ರೇಸಿನ ಲೆಕ್ಕ ಸುಲಭವಾಗಿತ್ತು: ನಿತೀಶ್ ಗೆದ್ದರೂ ನಾನು ಎರಡನೆಯವಳಾಗಿ ಬಂದರೆ ಸಾಕು, ದೇಶದ ಚಾಂಪಿಯನ್ ನಾನು. ಮೂರನೆಯವಳಾದರೆ ಅವನು.

ಭಾನುವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮತ್ತೆ ನಟ್ಟು ಬಿಗಿ ಮಾಡಿದೆ. ಇನ್ನು ಭಯವಿಲ್ಲ ಅಂದುಕೊಂಡು ಊಟ ಮಾಡಿದೆ. ರೇಸು ಮೂರು ಗಂಟೆಗೆ. ನಾವು ಪಿಟ್ ಬಿಟ್ಟು ಒಂದು ಸುತ್ತು ಹಾಕಿ ರೇಸು ಹೊರಡುವ ಸಾಲಿಗೆ ಬಂದು ನಿಂತಾಗ ಮೊದಲ ಹನಿ ಗಾಜಿನ ಮೇಲೆ ಬಿತ್ತು. ಎರಡು ನಿಮಿಷದಲ್ಲಿ ಟ್ರ್ಯಾಕು ಕಪ್ಪಗೆ ಹೊಳೆಯತೊಡಗಿತು. ಮಳೆ ಟೈರ್ ಹಾಕಿಕೊಳ್ಳಬಹುದು ಎಂದು ಅಧಿಕಾರಿಗಳು ಬೋರ್ಡ್ ತೋರಿಸಿದರು. ಎಲ್ಲ ಕಾರುಗಳ ಸುತ್ತಲೂ ಜನ ಮುಗಿಬಿದ್ದರು.

ಜ್ಯಾಕ್ ನನ್ನ ಕಾರನ್ನು ಎತ್ತಿತು. ಎಡಗಡೆ ದತ್ತು, ಬಲಗಡೆ ಉಸ್ತಾದ್. ನಾನು ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಒಳಗೆ ಕೂತಿದ್ದೆ. ಚಕ್ರ ಹೊರಬಂದದ್ದು ಗೊತ್ತಾಯಿತು, ಹೊಸದು ಕೂತದ್ದು ಗೊತ್ತಾಯಿತು, ಪಾನಾ ತಿರುಗುವ ಸದ್ದು ಬಂತು. ನಮಾಜಿಗೆ ಇನ್ನೂ ಹೊತ್ತಿತ್ತು. ಹತ್ತು ನಿಮಿಷವಲ್ಲ, ಒಂದು ನಿಮಿಷವೂ ಸಿಗುವಂತಿರಲಿಲ್ಲ. ಸಾಲಿನ ನಿಯಮವನ್ನು ಬೆಳಿಗ್ಗೆ ಮೀಟಿಂಗಿನಲ್ಲಿ ಮತ್ತೆ ಓದಿ ಹೇಳಿದ್ದರು: ಮೂರು ನಿಮಿಷದ ಬೋರ್ಡ್ ತೋರಿಸಿದ ಮೇಲೆ ಯಾವ ಕಾರಿಗಾದರೂ ಪಾನಾ ತಾಗಿದರೆ ಅದು ಸಾಲಿನಿಂದ ಹೊರಡುವಂತಿಲ್ಲ. ಪಿಟ್ಟಿಗೆ ಹೋಗಿ, ಎಲ್ಲರೂ ಹೋದ ಮೇಲೆ ಹಿಂದಿನಿಂದ ಹೊರಡಬೇಕು.

ಕಾರು ಕೆಳಗಿಳಿಯಿತು. ಉಸ್ತಾದ್ ಯಾವಾಗಲೂ ಮಾಡುವ ಹಾಗೆ ಕಿಟಕಿಯೊಳಗೆ ಬಗ್ಗಿ ನನ್ನ ಹೆಗಲಿನ ಬೆಲ್ಟನ್ನು ಎಳೆದು ನೋಡಿದರು. ಸುಟ್ಟ ವಾಸನೆ ಬಂತು. ಅವರ ಬಲಗೈ ಹೆಬ್ಬೆರಳು ನನ್ನ ಗಲ್ಲದ ಹತ್ತಿರವೇ ಇತ್ತು. ಅದರ ಚರ್ಮ ಬೆಳ್ಳಗೆ ಎದ್ದು ಬೊಬ್ಬೆ ಬಂದಿತ್ತು. ಆಗಷ್ಟೇ ಒಂದು ಸುತ್ತು ಓಡಿ ಬಂದ ಬ್ರೇಕ್ ಡಿಸ್ಕ್ ಕಾದ ಕಾವಲಿಯಂತಿರುತ್ತದೆ. ಚಕ್ರ ಹಾಕುವಾಗ ಬೆರಳು ಅದರ ಮೇಲೆ ಊರಿತ್ತು. ಅವರು ನನ್ನನ್ನು ನೋಡಿ ನಗುತ್ತಿದ್ದರು.

"ಟೈಟ್ ಇದೆ ಬೇಟಾ. ಬಿಸ್ಮಿಲ್ಲಾ ಹೇಳಿ ಹೊರಡು."

"ಉಸ್ತಾದ್, ಟಾರ್ಕ್ ಪಾನಾ ತರ್ಸಿ."

ಅವರ ನಗು ಹಾಗೇ ನಿಂತಿತು. "ನಾನ್ ಮಾಡಿದ್ದೀನಲ್ಲ?"

"ನಿಮ್ಮ ಹೆಬ್ಬೆಟ್ಟು ನೋಡ್ಕೊಳ್ಳಿ."

ಅವರು ಕೈ ಮೇಲೆತ್ತಿ ನೋಡಿಕೊಂಡರು. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದರು. ಮಳೆ ಹನಿ ಬೊಬ್ಬೆಯ ಮೇಲೆ ಬೀಳುತ್ತಿತ್ತು, ಆದರೂ ಮುಖದಲ್ಲಿ ನೋವಿಲ್ಲ. ಅಷ್ಟರಲ್ಲಿ ಹಾರ್ನ್ ಕೂಗಿತು. ಮೂರು ನಿಮಿಷದ ಬೋರ್ಡು. ದತ್ತು ಟ್ರಾಲಿ ತಳ್ಳಿಕೊಂಡು ಓಡಿದರು. ಸುತ್ತಲಿನವರೆಲ್ಲ ಸಾಲು ಬಿಟ್ಟು ಹೊರಟರು. ಉಸ್ತಾದ್ ಮಾತ್ರ ಕದಲಲಿಲ್ಲ.

ನಾನು ಹೋಗಬಹುದಿತ್ತು, ನಿಜ ಹೇಳುತ್ತೇನೆ. ಹತ್ತೇ ಲ್ಯಾಪು, ಶನಿವಾರ ಕೆಲವು ನಟ್ಟು ಕಾಲು ಸುತ್ತಷ್ಟೇ ಸಡಿಲವಿತ್ತು, ತಡೆದರೂ ತಡೆಯಬಹುದು ಎಂದು ಮನಸ್ಸು ಲೆಕ್ಕ ಹಾಕಿತು. ಎಂಟು ವರ್ಷದಿಂದ ಕಾದ ಟ್ರೋಫಿ, ಎರಡನೆಯ ಜಾಗ ಸಾಕು. ನನಗೆ ಆ ಟ್ರೋಫಿ ಎಷ್ಟು ಬೇಕಿತ್ತು ಎಂದು ಹೇಳಿದರೆ ನಿಮಗೆ ಅಸಹ್ಯವಾದೀತು. ಆದರೆ ಕಣ್ಣ ಮುಂದೆ ಆ ಚಕ್ರ ಮತ್ತೆ ಉರುಳಿಕೊಂಡು ಹೋಯಿತು. ಈ ಸಲ ಅದು ನನ್ನ ಹಿಂದಿನವರ ಗಾಜಿಗೂ ಬಡಿಯಬಹುದು. ನಾನು ಇಂಜಿನ್ ಆರಿಸಿ, ಕಿಟಕಿಯಿಂದ ಕೈ ಹೊರಗೆ ಚಾಚಿ ಮೇಲೆತ್ತಿದೆ.

ಮಾರ್ಷಲ್‌ಗಳು ನನ್ನ ಕಾರನ್ನು ಪಿಟ್ ಲೇನಿಗೆ ತಳ್ಳಿಕೊಂಡು ಹೋದರು. ನಿತೀಶನ ಕಾರು ದಾಟುವಾಗ ಅವನು ಒಳಗಿನಿಂದ ಏನಾಯ್ತು ಎಂದು ಕೈಸನ್ನೆ ಮಾಡಿದ. ಅವನ ತಂಡದವರೆಲ್ಲ ಪಿಟ್ ಗೋಡೆಗೆ ಬಂದು ನಿಂತಿದ್ದರು, ಮುಬೀನನೂ ಇದ್ದ. ಉಸ್ತಾದ್ ನನ್ನ ಕಾರಿನ ಜೊತೆ ಬರಲಿಲ್ಲ. ನಮ್ಮ ಮೇಜಿನ ಮೇಲಿದ್ದ ಟಾರ್ಕ್ ಪಾನಾ ತೆಗೆದುಕೊಂಡು ಮಳೆಯಲ್ಲಿ ನೆಟ್ಟಗೆ ಆ ಗೋಡೆಯ ಹತ್ತಿರ ಹೋದರು.

"ಮುಬೀನ್," ಎಂದರು. ಅವರ ಗಂಟಲು ಯಾವಾಗಲೂ ದೊಡ್ಡದೇ. ಅವತ್ತು ಬೇಕೆಂದೇ ದೊಡ್ಡದು ಮಾಡಿದರು. "ಕೊಯಮತ್ತೂರಲ್ಲಿ ಆ ಚಕ್ರ ಹಾಕಿದ್ದು ನಾನು. ನಾಲ್ಕೂ ನಾನೇ. ನೀನು ಅಲ್ಲಿರ್ಲೂ ಇಲ್ಲ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಎಲ್ಲರೂ ಕೇಳಿಸ್ಕೊಳ್ಳಿ." ಆಮೇಲೆ ಪಾನಾವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. "ನನ್ನ ಕೈಗೆ ಗೊತ್ತಾಗ್ತಿಲ್ಲ ಬೇಟಾ. ನೀನ್ ನೋಡು."

ಮುಬೀನ್ ತನ್ನ ತಂಡದ ಮ್ಯಾನೇಜರ ಮುಖ ನೋಡಿದ. ಅವರು ಕಾಣದವರಂತೆ ಬೇರೆ ಕಡೆ ತಿರುಗಿಕೊಂಡರು. ಒಳ್ಳೆಯ ಮನುಷ್ಯ, ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮುಬೀನ್ ಗೋಡೆ ಹಾರಿ ಬಂದ.

ಬಲ ಮುಂಚಕ್ರದಿಂದ ಶುರುಮಾಡಿದ. ಕಾರಿನೊಳಗೆ ಕೂತ ನನಗೆ ಒಂದೊಂದು ತಿರುವೂ ಬೆನ್ನಿಗೆ ತಿಳಿಯುತ್ತಿತ್ತು. ಮೊದಲ ನಟ್ಟು ಮುಕ್ಕಾಲು ಸುತ್ತು ತಿರುಗಿ 'ಟಕ್' ಅಂದಿತು. ಎರಡನೆಯದು ಒಂದು ಸುತ್ತು. ಮೂರನೆಯದು ಒಂದು ಸುತ್ತಿಗೂ ಮೇಲೆ. ಒದ್ದೆ ಕೈ, ಅವಸರ, ಬಿಸಿ ಡಿಸ್ಕು. ಶನಿವಾರಕ್ಕಿಂತ ಎಷ್ಟೋ ಸಡಿಲವಿದ್ದವು. ಎರಡು ಲ್ಯಾಪೂ ತಡೆಯುತ್ತಿರಲಿಲ್ಲ. ಅತ್ತ ಟ್ರ್ಯಾಕಿನಲ್ಲಿ ಹದಿಮೂರು ಕಾರುಗಳು ಒಮ್ಮೆಲೇ ಗರ್ಜಿಸಿ ಹೊರಟವು. ನಾನಿಲ್ಲದೆ. ಮುಬೀನ್ ತಲೆ ಎತ್ತಲಿಲ್ಲ. ಎಂಟೂ ಮುಗಿಸಿ, ದತ್ತುವಿನ ಎಂಟನ್ನೂ ಮುಟ್ಟಿ ನೋಡಿ, ಛಾವಣಿಯ ಮೇಲೆ ಎರಡು ಸಲ ತಟ್ಟಿದ. ಪಿಟ್ಟಿನ ಬಾಯಲ್ಲಿ ಹಸಿರು ದೀಪ ಬಂತು.

ಆ ಹತ್ತು ಲ್ಯಾಪನ್ನು ವರ್ಣಿಸುವುದಿಲ್ಲ. ಮುಂದಿನ ಕಾರುಗಳು ಎಬ್ಬಿಸಿದ ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ, ಕೆಂಪು ದೀಪ ಕಂಡಾಗ ಪಕ್ಕಕ್ಕೆ ಹೋಗುತ್ತಿದ್ದೆ ಅಷ್ಟೇ. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲ ಮುಂಚಕ್ರದ ಮೇಲೆ ಬೀಳುತ್ತದೆ. ಅಂಥ ಕಡೆಯಲ್ಲೂ ನಾನು ಕಾಲು ಎತ್ತಲಿಲ್ಲ. ಅಪ್ಪನ ಕಾರಿನ ಆ ಎರಡನೆಯ ಬ್ರೇಕ್ ನೆನಪಾಯಿತು. ಎರಡು ವರ್ಷ ನಾನೇ ಧೈರ್ಯವಂತೆ ಅಂದುಕೊಂಡಿದ್ದೆನಲ್ಲ, ಅರ್ಧ ಧೈರ್ಯ ಆ ಟೊಮೆಟೊ ಬಾಟಲಿಯದು. ಒಂಬತ್ತನೆಯ ಲ್ಯಾಪಿನಲ್ಲಿ ನಾನು ಮೂರನೆಯವಳು. ಹತ್ತನೆಯದರಲ್ಲಿ ಎರಡನೆಯ ಕಾರಿನ ಬಾಲ ನನ್ನ ಮೂತಿಗೆ ತಾಗುವಷ್ಟು ಹತ್ತಿರವಿತ್ತು. ಗೆರೆ ದಾಟಿದಾಗಲೂ ಅಷ್ಟೇ ಹತ್ತಿರವಿತ್ತು. ನಿತೀಶ್ ಗೆದ್ದ. ಒಂದೇ ಒಂದು ಪಾಯಿಂಟಿನಲ್ಲಿ ಚಾಂಪಿಯನ್ ಆದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಲ್ಮೆಟ್ಟಿನೊಳಗೇ ಅತ್ತೆ. ಮುಗಿಸಿಕೊಂಡು ಇಳಿದೆ. ರೇಸು ಮುಗಿದ ಕಾರುಗಳನ್ನು ಬೇಲಿಯೊಳಗೆ ನಿಲ್ಲಿಸಿ, ಅಧಿಕಾರಿಗಳು ನೋಡಿದ ಮೇಲೆ ಬಿಡುತ್ತಾರೆ. ಬಿಟ್ಟಾಗ ಎರಡೂ ತಂಡದವರು ಅಲ್ಲೇ ಇದ್ದರು. ನಾನು ಮುಬೀನನ ಮುಂದೆ ಹೋಗಿ ನಿಂತು, ಅವತ್ತು ಬೈದಷ್ಟೇ ಜೋರಾಗಿ ಹೇಳಿದೆ. "ಮುಬೀನ್, ಅವತ್ತು ತಪ್ಪು ನಂದು. ನಿನ್ನ ಗ್ಲೌಸ್‌ಗೆ ಕಳಿಸಿದ್ದೂ ನಾನೇ, ಬೈದಿದ್ದೂ ನಾನೇ." ಕೈ ಚಾಚಿದೆ.

ಅವನು ಕೈಯನ್ನು ನೋಡಿದ. "ಮೊದ್ಲು ಆ ಗ್ಲೌಸ್ ಬಿಚ್ಚು ಬೃಂದಾ. ಹಾಳಾದ್ದು."

ಯಾರೋ ನಕ್ಕರು. ನಾನು ಬಿಚ್ಚುತ್ತಿರುವಾಗಲೇ ಉಸ್ತಾದ್ ಬಲ ಮುಂಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದು ಕಂಡಿತು. ಹೆಬ್ಬೆರಳಿಗೆ ದತ್ತು ಬಟ್ಟೆ ಕಟ್ಟಿದ್ದರು. ಅವಸರದಲ್ಲಿ ಯಾರೂ ಗೆರೆ ಎಳೆದಿರಲಿಲ್ಲ, ನಟ್ಟುಗಳು ಬೋಳಾಗಿದ್ದವು. ನನ್ನ ಜೇಬಿನಿಂದ ಕೆಂಪು ಬಾಟಲಿ ತೆಗೆದು ಅವರಿಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು.

"ಇದು ನಂದಲ್ಲ," ಎಂದರು. "ಈ ಕೆಂಪನ್ನ ಎರಡು ವರ್ಷದಿಂದ ನೋಡ್ತಾ ಇದ್ದೀನಿ."

"ನೋಡ್ತಿದ್ರಾ?" ಎಂದೆ.

"ಕೈ ಹೋಗಿದೆ ಬೇ‍ಟಾ. ಕಣ್ಣು ಚೆನ್ನಾಗಿದೆ."

ಹಾಗಾದರೆ ಎಲ್ಲ ಗೊತ್ತಿತ್ತು. ತಮ್ಮ ನಟ್ಟನ್ನು ಯಾರು ಬಿಗಿ ಮಾಡುತ್ತಿದ್ದಾರೆ, ಮುಬೀನ್ ಯಾಕೆ ನಮಾಜಿಗೆ ಬರುತ್ತಿಲ್ಲ, ಎಲ್ಲ ಗೊತ್ತಿದ್ದೂ ಸೋಮಾರಿ ಎಂದು ಬಯ್ದಿದ್ದರು. ಅವನನ್ನು ನಾನು ಓಡಿಸುವಾಗ ಒಣಗಿದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಪಾನಾ ಕೈಬಿಡುವ ಭಯ ಮನುಷ್ಯನಿಂದ ಇಷ್ಟು ಮಾಡಿಸುತ್ತದೆಯೇ? ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅವರನ್ನು ಕಂಡರೆ ಇಷ್ಟವೂ ಹೋಗಿಲ್ಲ.

ಉಸ್ತಾದ್ ಮುಬೀನನ ಕೈ ಹಿಡಿದು ಕೂರಿಸಿ, ಅವನ ಬೆರಳುಗಳನ್ನು ನಟ್ಟಿನ ಮೇಲಿಟ್ಟರು. "ಬಿಗಿ ಇದ್ಯಾ?"

ಮುಬೀನನ ದವಡೆ ಬಿಗಿಯುವುದು ಕಾಣುತ್ತಿತ್ತು. ಎದ್ದು ಹೋಗಿಬಿಡುತ್ತಾನೆ ಅಂದುಕೊಂಡೆ. ಹೋಗಿದ್ದರೆ ತಪ್ಪು ಅನ್ನುತ್ತಿರಲಿಲ್ಲ. ಅವನು ನಾಲ್ಕೂ ನಟ್ಟನ್ನು ಒಂದೊಂದಾಗಿ ಹಿಡಿದು ನೋಡಿದ.

"ಇದೆ ಉಸ್ತಾದ್."

"ಹಾಗಾದ್ರೆ ನಿನ್ನ ನೀಲಿ ಹಾಕು. ಇನ್ಮೇಲೆ ಈ ಕಡೆನೂ ನಿಂದೇ."

"ನೀಲಿ ನನ್ ಹತ್ರ ಎಲ್ಲಿದೆ?" ಎಂದ ಮುಬೀನ್, ತಲೆ ಎತ್ತದೆ. "ಡಬ್ಬಿಲಿದೆ. ಡಬ್ಬಿ ನಿಮ್ ಹತ್ರಾನೇ ಇದೆ."

ಡಬ್ಬಿ ವ್ಯಾನಿನಲ್ಲಿತ್ತು, ವ್ಯಾನು ಪಾರ್ಕಿಂಗಿನಲ್ಲಿತ್ತು, ಟ್ರ್ಯಾಕಿನ ಆ ತುದಿಗೆ. ದತ್ತು ಹೊರಟರು. ಅವರನ್ನು ಭುಜ ಹಿಡಿದು ನಿಲ್ಲಿಸಿ, ಒದ್ದೆ ರೇಸ್ ಬಟ್ಟೆಯಲ್ಲೇ ನಾನು ಓಡಿದೆ.